ಹೆಣ್ಣು ಕೇಳಿಕೊಂಡು ಬಂದವರು

ಹದವಾಗುತ್ತಿರುವ ಹೊಗೆಸೊಪ್ಪಿನ ವಾಸನೆ ಬೆಲ್ಲದ ಪಾಕದಂತಿರುತ್ತದೆ ಎಂದು ನಾನು ಹಿಂದೆ ಯಾರಿಗೋ ಹೇಳಿದ್ದೆ. ಅದು ಸರಿಯಲ್ಲ. ಈ ಆಗಸ್ಟಿನಲ್ಲಿ ಅವ್ವನನ್ನು ಹಾಸನದಿಂದ ಊರಿಗೆ ಕರೆದುಕೊಂಡು ಹೋಗಿದ್ದಾಗ, ರಾಮನಾಥಪುರ ದಾಟಿ ನಮ್ಮೂರಿನ ತಿರುವಿನಲ್ಲಿ ಬಸ್ಸಿಳಿದ ಕೂಡಲೇ ಆ ವಾಸನೆ ಮೂಗಿಗೆ ಬಂತು. ಒಣಹುಲ್ಲು, ಹೊಗೆ, ಸ್ವಲ್ಪ ಜೇನು, ಅದರ ಕೆಳಗೆ ಹಸಿ ಎಲೆಯ ಒಗರು. ಬೆಲ್ಲ ಎಲ್ಲೂ ಇರಲಿಲ್ಲ. ಕೇಳುವವರಿಗೆ ಹಿತವಾಗಲಿ ಎಂದು ಬೆಲ್ಲವನ್ನು ನಾನೇ ಸೇರಿಸಿದ್ದೆ. ತಂಗಿ ಊರಿಗೆ ಬಂದಿದ್ದ ಆ ವರ್ಷದ ಬಗ್ಗೆ ಹೇಳಿಕೊಂಡು ಬಂದಿರುವುದರಲ್ಲಿ ಇನ್ನೇನೇನು ಸೇರಿಸಿದ್ದೇನೋ ಎಂಬ ಅನುಮಾನ ಅಲ್ಲಿಂದಲೇ ಶುರುವಾಯಿತು.

ನಮ್ಮ ಹೊಲವನ್ನು ಈಗ ಪಕ್ಕದ ಮನೆಯ ಗೌರಕ್ಕನ ಮಗ ಮಾಡುತ್ತಾನೆ. ಸೊಪ್ಪು ಹದ ಮಾಡುವ ಬ್ಯಾರನ್ನಿನ ಮುಂದೆ ಗೌರಕ್ಕ ಎಲೆ ಕಟ್ಟುತ್ತ ಕೂತಿದ್ದಳು. ಅವ್ವನನ್ನು ಕಂಡವಳೇ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ಮಂಡಿ ನೋವು, ಸೊಸೆ, ಮಳೆ ಎಲ್ಲ ವಿಚಾರಿಸಿಕೊಂಡು, ಕೊನೆಗೆ ಚುಡಾಯಿಸಿದಳು. "ಅಲ್ಲ ಕಣಕ್ಕ, ಅವತ್ತು ನಿನ್ ಮಗ್ಳ ಕೇಳ್ಕಂಡು ಬಂದಿದ್ರಲ್ಲ ಇರೀಸಾವೆ ಕಡೇರು, ಶಾವ್ಗೆ ಉಂಡೋದೋರು, ಇನ್ನೂ ತೇಗ್ತಾನೇ ಅವ್ರಾ? ಒಂದು ಉತ್ರ ಬ್ಯಾಡ್ವಾ?"

ಅವ್ವ ನಕ್ಕಳು. ನಕ್ಕು ನನ್ನ ಮುಖ ನೋಡಿದಳು. ಆಮೇಲೆ ಎಲೆಯ ರಾಶಿಯ ಕಡೆ ತಿರುಗಿಕೊಂಡಳು. ಆ ನೋಟ ಒಂದು ಗಳಿಗೆಯದು. ಆದರೆ ಎಂಟು ವರ್ಷದಿಂದ ನಾನು ಬಲ್ಲೆನೆಂದುಕೊಂಡಿದ್ದ ಒಂದು ಕಥೆ ಆ ಗಳಿಗೆಯಲ್ಲಿ ನಿಲ್ಲದಾಯಿತು.

ಸುಮ ನನ್ನ ತಂಗಿ, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಹಾಸನದಲ್ಲಿ ಕಾನೂನು ಓದಿ, ಅಲ್ಲಿಯ ಕೋರ್ಟಿನಲ್ಲೇ ಎರಡು ವರ್ಷ ಕರಿಕೋಟು ಹಾಕಿಕೊಂಡು ಓಡಾಡಿ, ಒಂದು ದಿನ ದೂರದ ಗಡಿನಾಡಿಗೆ ಹೊರಟುಹೋದಳು. ಆ ನಾಡಿನ ಹೆಸರು ಬರೆಯುವುದಿಲ್ಲ. ಬರೆಯಬೇಡ ಎಂದು ಅವಳೇ ಹೇಳಿದ್ದಾಳೆ. ಎರಡು ಕಡೆಯವರೂ ತಮ್ಮದೆನ್ನುವ ನೆಲ ಅದು. ಅಲ್ಲಿ ಮನೆಯಿಂದ ಕರೆದೊಯ್ದ ಮೇಲೆ ವಾಪಸು ಬಾರದವರಿದ್ದಾರೆ. ಅವರ ಮನೆಮಂದಿಗಾಗಿ ಅರ್ಜಿ ಬರೆಯುವುದು, ಕೋರ್ಟಿನಲ್ಲಿ ನಿಲ್ಲುವುದು ಸುಮನ ಕೆಲಸ. ಆರು ವರ್ಷ ಮಾಡಿದಳು. ಏಳನೆಯ ವರ್ಷ ಅವಳ ಮೇಲೇ ಒಂದು ಕೇಸು ಬಿತ್ತು. ನಾಲ್ಕು ತಿಂಗಳು ಒಳಗಿದ್ದು ಜಾಮೀನಿನ ಮೇಲೆ ಹೊರಬಂದಾಗ ಷರತ್ತು ಎರಡು: ಆ ನಾಡಿಗೆ ಕಾಲಿಡಬಾರದು, ಹುಟ್ಟೂರಿನ ತಾಲೂಕಿನಲ್ಲೇ ಇದ್ದು ಪ್ರತಿ ಸೋಮವಾರ ಅರಕಲಗೂಡಿನ ಠಾಣೆಯಲ್ಲಿ ಸಹಿ ಹಾಕಬೇಕು.

ಜೂನಿನಲ್ಲಿ ಬಂದಳು. ಒಂದು ಸೂಟ್‌ಕೇಸು, ಅದರ ಅರ್ಧ ಪುಸ್ತಕ. ಊಟ ಮಾಡುವಾಗ ತಟ್ಟೆಗೆ ಎಡಗೈಯನ್ನು ಅಡ್ಡ ಹಿಡಿದು ಬೇಗಬೇಗ ಉಣ್ಣುತ್ತಿದ್ದಳು. ಅವ್ವ ಮೊದಲೆರಡು ದಿನ ಸುಮ್ಮನಿದ್ದು ಮೂರನೆಯ ದಿನ, ಯಾರೂ ಕಿತ್ಕಳಲ್ಲ, ನಿಧಾನಕ್ಕೆ ಉಣ್ಣವ್ವ ಎಂದಳು. ಸುಮ ಕೈ ತೆಗೆದಳು. ಸ್ವಲ್ಪ ಹೊತ್ತಿಗೆ ಕೈ ಮತ್ತೆ ಅಲ್ಲಿಗೇ ಬಂತು.

ನಾನು ಆಗ ಹೊಳೆನರಸೀಪುರದ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಅಪ್ಪ ಹಿಂದಿನ ವರ್ಷ ತೀರಿಕೊಂಡಿದ್ದರಿಂದ ಸೊಪ್ಪಿನ ಕಾಲಕ್ಕೆ ಸಂಬಳವಿಲ್ಲದ ರಜೆ ಹಾಕಿ ಊರಿನಲ್ಲಿದ್ದೆ. ಊರಿನವರು ಸುಮನಿಗೆ ಏನೂ ಅನ್ನಲಿಲ್ಲ. ಟೀವಿಯಲ್ಲಿ ಮೂರು ದಿನ ಅವಳ ಮುಖ ತೋರಿಸಿದ್ದರು, ಕೆಳಗೆ ಕೆಂಪಕ್ಷರದಲ್ಲಿ ಏನೇನೋ ಬರೆದು. ಹಾಲಿನ ಡೈರಿಗೆ ಅವಳು ಹೋದರೆ ಮಾತು ನಿಲ್ಲುತ್ತಿತ್ತು. ಸೆಕ್ರೆಟರಿ ಹಾಲು ಅಳೆದುಕೊಂಡು ಚೀಟಿಯನ್ನು ಅವಳ ಕೈಗೆ ಕೊಡದೆ ಕಟ್ಟೆಯ ಮೇಲಿಡುತ್ತಿದ್ದ. ಎಲೆ ಕಟ್ಟುವ ಹೆಂಗಸರೂ ದೂರ ದೂರ. ಮೊದಲು ಕರೆದವಳು ಗೌರಕ್ಕ. "ಕೈ ನೋಡು, ಎಂಗ್ ಬೆಳ್ಳಗಾಗ್ಬುಟ್ಟವೆ. ಜೈಲಲ್ಲಿ ಏನೂ ಕೆಲ್ಸ ಕೊಡ್ತಿರ್ಲಿಲ್ವೇನಮ್ಮಿ? ಬಾ ಕೂತ್ಕ." ಸುಮ ನಕ್ಕಳು ಎಂದು ನನ್ನ ನೆನಪು. ಗೌರಕ್ಕನನ್ನು ಈ ಸಲ ಕೇಳಿದೆ. ಇಲ್ಲ, ನಗಲಿಲ್ಲ, ಬಂದು ಕೂತಳು ಅಷ್ಟೆ ಎಂದಳು. ಗೌರಕ್ಕನ ಮಾತೇ ನಿಜವಿರಬೇಕು. ನಗು ನನಗೆ ಬೇಕಾಗಿದ್ದದ್ದು.

ಎಲೆ ಕಟ್ಟುವುದು ಇಬ್ಬರ ಕೆಲಸ. ಒಬ್ಬರು ಎಲೆಗಳನ್ನು ಮೂರು ಮೂರಾಗಿ ಜೋಡಿಸಿ ಕೊಡಬೇಕು. ಇನ್ನೊಬ್ಬರು ಅವು ಕಡ್ಡಿಯ ಆಚೆಗೊಂದು ಈಚೆಗೊಂದು ಬೀಳುವಂತೆ ದಾರದಲ್ಲಿ ಬಿಗಿಯಬೇಕು. ಹಸಿ ಸೊಪ್ಪಿನ ಅಂಟು ಕೈಗೆ ಹತ್ತಿ ಕಪ್ಪಾಗುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಸುಮ ಕೊಡುತ್ತಿದ್ದಳು, ನಾನು ಕಟ್ಟುತ್ತಿದ್ದೆ. ಚಿಕ್ಕವಳಿದ್ದಾಗಲೂ ಹಾಗೇ. ಎದುರುಬದುರು ಕೂತಿದ್ದರೂ ಕಣ್ಣು ಕಡ್ಡಿಯ ಮೇಲಿರುವುದರಿಂದ ಮುಖ ನೋಡಿ ಹೇಳಲಾಗದ್ದನ್ನೂ ಹೇಳಬಹುದು. ಹಾಗೇ ಒಂದು ಮಧ್ಯಾಹ್ನ ಅವಳು ಆ ಗಡಿನಾಡಿನ ಒಬ್ಬ ಮುದುಕರ ವಿಷಯ ಹೇಳಿದಳು.

ಅಲ್ಲಿ ಅವಳು ಇದ್ದದ್ದು ಅವರ ಮನೆಯಲ್ಲೇ. ಅವರನ್ನು ಅವಳು ನಮ್ಮ ಮಾತಿನಲ್ಲಿ ದೊಡ್ಡಪ್ಪ ಎನ್ನುತ್ತಿದ್ದಳು. ಅವರ ಮಗನನ್ನು ಬೆಳಿಗ್ಗೆ ಬಾಗಿಲಲ್ಲೇ ಹಿಡಿದು ಗಾಡಿಗೆ ಹತ್ತಿಸಿದ್ದರು. ಹತ್ತಿಸಿದವರಲ್ಲಿ ಒಬ್ಬನ ಗುರುತು ದೊಡ್ಡಪ್ಪನಿಗೆ ಸಿಕ್ಕಿತ್ತು. ಅವಳು ನಡೆಸುತ್ತಿದ್ದ ಕೇಸಿಗೆ ಇದ್ದ ಒಂದೇ ಸಾಕ್ಷಿ ಅವರು. ಈಗ ಅವಳ ಬದಲು ಬೇರೆ ವಕೀಲರು ನಿಂತಿದ್ದರು, ಸಾಕ್ಷಿ ವಿಚಾರಣೆ ದೀಪಾವಳಿ ಕಳೆದ ಮೇಲೆ.

"ಕೋರ್ಟಿನ ಕಾಗದದಲ್ಲಿ ಅವರ ಹೆಸರಿಲ್ಲ ಅಣ್ಣ. ಬರೀ ಒಂದು ಅಕ್ಷರ. ಆ ಅಕ್ಷರ ಯಾರು ಅಂತ ನಂಗೆ, ಇನ್ನಿಬ್ರು ವಕೀಲ್ರಿಗೆ, ಜಡ್ಜಿಗೆ ಗೊತ್ತು. ಈಗ ನಿಂಗೆ."

ನನಗ್ಯಾಕೆ ಹೇಳಿದೆ ಎಂದು ಕೇಳಿದೆ.

"ಎಲ್ಲಾದ್ರೂ ಒಂದ್ಕಡೆ ಹೇಳ್ಬೇಕಿತ್ತು. ಇದು ನಮ್ಮನೆ ಅಲ್ವಾ," ಎಂದು ಮುಂದಿನ ಮೂರು ಎಲೆ ಕೊಟ್ಟಳು.

ಸೋಮವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಅರಕಲಗೂಡಿಗೆ ಹೋಗಿ ಸಂಜೆ ಬರುತ್ತಿದ್ದಳು. ಸಹಿಗೆ ಎರಡು ನಿಮಿಷ ಸಾಕು. ಆದರೆ ಸಾಹೇಬರು ಬರಲಿ ಎಂದು ಬೆಂಚಿನ ಮೇಲೆ ಕೂರಿಸುತ್ತಿದ್ದರು. ಹೆಡ್ ಕಾನ್‌ಸ್ಟೇಬಲ್ಲು ಒಳ್ಳೆಯ ಮನುಷ್ಯ, ಕಾಫಿ ತರಿಸಿಕೊಡುತ್ತಿದ್ದ. ದೂರು ಬರೆಯಲು ಬಾರದ ಹೆಂಗಸರಿಗೆ ಸುಮ ಅಲ್ಲೇ ಕೂತು ಬರೆದುಕೊಡಲು ಶುರುಮಾಡಿದ ಮೇಲೆ, ನೀವು ಸೋಮವಾರ ಒಂದೇ ದಿನ ಬಂದ್ರೆ ಎಂಗೆ ಮೇಡಂ, ಗುರುವಾರನೂ ಬನ್ನಿ ಎಂದನಂತೆ. ಆ ಮೂರು ತಿಂಗಳಲ್ಲಿ ಅವಳು ಮನೆಗೆ ತಂದ ತಮಾಷೆ ಅದೊಂದೇ.

ಹೆಣ್ಣು ಕೇಳಿಕೊಂಡು ಅವರಿಬ್ಬರು ಬಂದದ್ದೂ ಸೋಮವಾರ. ಇದೊಂದು ಖಚಿತ, ಯಾಕೆಂದರೆ ಸುಮ ಮನೆಯಲ್ಲಿರಲಿಲ್ಲ. ಉಳಿದದ್ದರ ಮೇಲೆ ನನಗೆ ನಂಬಿಕೆಯಿಲ್ಲ. ಕಾರು ಬಿಳಿಯದು ಎಂದು ನನ್ನ ನೆನಪು, ಗೌರಕ್ಕನಿಗೆ ಅದು ಬೂದು ಬಣ್ಣದ್ದು. ಜಿನುಗು ಮಳೆಯಿತ್ತು ಎನ್ನಿಸುತ್ತದೆ. ಆದರೆ ನನ್ನ ಕೈಯೆಲ್ಲ ಹಸಿ ಸೊಪ್ಪಿನ ಅಂಟಾಗಿದ್ದದ್ದೂ ನೆನಪಿದೆ. ಮಳೆಯಲ್ಲಿ ಯಾರೂ ಸೊಪ್ಪು ಮುರಿಯುವುದಿಲ್ಲ. ಎರಡರಲ್ಲಿ ಒಂದು ಸುಳ್ಳು.

ಇಬ್ಬರೂ ನಲವತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಬಿಳಿ ಶರಟು. ಚನ್ನರಾಯಪಟ್ಟಣದ ಕಡೆಯವರು, ಹಿರೀಸಾವೆ ಹತ್ತಿರ ಎಂದರು. ತಮ್ಮನಿಗೆ ಹೆಣ್ಣು ನೋಡುತ್ತಿದ್ದೇವೆ, ನಿಮ್ಮ ಮನೆಯಲ್ಲಿ ಒಬ್ಬಳು ಲಾಯರ್ ಹುಡುಗಿ ಇದ್ದಾಳೆಂದು ಕೇಳಿ ಬಂದೆವು ಎಂದರು. ಮಾತು ಅಪ್ಪಟ ನಮ್ಮ ಕಡೆಯದೇ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಸುಮನಿಗೆ ಆಗ ಮೂವತ್ತಮೂರು. ಟೀವಿಯಲ್ಲಿ ಬಂದ ಮೇಲೆ ಒಬ್ಬರೂ ಮನೆಯ ಕಡೆ ತಲೆ ಹಾಕಿರಲಿಲ್ಲ.

"ಇರೀಸಾವೆ ಅಂದ್ರೆ, ಕೆರೆ ಇಂದ್ಗಡೆ ತೆಂಗಿನ್ ತ್ವಾಟದ ಮನೇರಾ? ನಮ್ಮತ್ತೆ ಚಿಕ್ಕಮ್ಮನ್ನ ಅಲ್ಲಿಗೇ ಕೊಟ್ಟಿದ್ದು," ಎಂದಳು ಅವ್ವ.

"ಊಂ ಕಣಮ್ಮ, ಅದೇ ಮನೆ," ಎಂದ ಅವರಲ್ಲಿ ದಪ್ಪಗಿದ್ದವನು.

ಅಷ್ಟೇ ಸಾಕಾಯಿತು. ನಮ್ಮ ಕಡೆ ಹೆಣ್ಣು ಕೇಳಿಕೊಂಡು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ನೀವು ಯಾರು ಎಂದು ಕೇಳುವುದಿಲ್ಲ. ನಂಟು ಹುಡುಕಿ ಒಳಗೆ ಕರೆಯುತ್ತೇವೆ, ಹುಡುಕುವ ಕೆಲಸವೂ ನಮ್ಮದೇ. ಅವರು ಹೇಳಬೇಕಾದ ಸುಳ್ಳನ್ನೆಲ್ಲ ಅವ್ವನೇ ಒಂದೊಂದಾಗಿ ಹೇಳಿಕೊಟ್ಟಳು: ಅಜ್ಜನ ಹೆಸರು, ಭಾಗವಾದದ್ದು, ಬೇಲೂರಿಗೆ ಕೊಟ್ಟ ಹೆಣ್ಣುಮಗಳು. ಅವರು ತಲೆಯಾಡಿಸಿದರು. ಆಮೇಲೆ ಅವ್ವ ಒತ್ತುಶಾವಿಗೆಗೆ ಇಟ್ಟಳು, ಕಾಯಿಹಾಲಿಗೆ ನಾನು ತೆಂಗಿನಕಾಯಿ ಸುಲಿದೆ. ಒತ್ತುಶಾವಿಗೆ ಆಗಲು ಎರಡು ಗಂಟೆ ಬೇಕು. ಆ ಎರಡು ಗಂಟೆಯಲ್ಲಿ ಊರೇ ಬಂತು. ಹೆಣ್ಣು ಕೇಳಲು ಬಂದವರ ಎದುರಿಗೆ ಊರಿನ ಹುಡುಗಿಯ ಬಗ್ಗೆ ಯಾರೂ ಕೊಂಕು ನುಡಿಯಬಾರದು. ಮೂರು ತಿಂಗಳಿಂದ ಚೀಟಿಯನ್ನು ಕಟ್ಟೆಯ ಮೇಲಿಡುತ್ತಿದ್ದ ಡೈರಿ ಸೆಕ್ರೆಟರಿ ಕೂಡ ಬಂದು, ಚಿನ್ನದಂಥ ಹುಡುಗಿ, ಸೋಮವಾರ ಸೋಮವಾರ ಇಂಥ ಬಸ್ಸಿಗೆ ಹೋಗಿ ಇಂಥ ಬಸ್ಸಿಗೆ ಬರುತ್ತಾಳೆ, ತಲೆ ಎತ್ತಿ ಒಬ್ಬರನ್ನು ನೋಡಲ್ಲ ಎಂದ. ಅವತ್ತು ಒಂದು ಮಧ್ಯಾಹ್ನದ ಮಟ್ಟಿಗೆ ಊರು ಅವಳನ್ನು ವಾಪಸು ತೆಗೆದುಕೊಂಡಿತ್ತು. ಅದನ್ನು ನೋಡಲು ಅವಳು ಇರಲಿಲ್ಲ.

ಕೇಸಿನ ವಿಷಯ ಮುಚ್ಚಿಡಬಾರದೆಂದು ನಾನೇ ಎತ್ತಿದೆ. "ಗೊತ್ತು ಬುಡಿ ಸಾ, ಟೀವೀಲಿ ನೋಡಿದ್ವಿ," ಎಂದ ದಪ್ಪನೆಯವನು. "ನಮ್ಮುಡುಗನೂ ಲಾಯರ್ರೇ. ಧೈರ್ಯ ಇರೋಳೇ ಬೇಕು ಅಂತಾನೆ."

ಹೋಗುವಾಗ ಒಂದು ಫೋಟೋ ಕೇಳಿದರು.

ಇಲ್ಲಿಂದ ಮುಂದಿನದನ್ನು ಎಂಟು ವರ್ಷದಿಂದ ನಾನು ಹೀಗೆ ಹೇಳುತ್ತಿದ್ದೆ: ನಾನು ಬೆಂಕಿ ನೋಡಲು ಬ್ಯಾರನ್ನಿಗೆ ಹೋಗಿದ್ದೆ, ಅಷ್ಟರಲ್ಲಿ ಅವ್ವ ಸುಮನ ಪುಸ್ತಕದೊಳಗಿಂದ ಒಂದು ಫೋಟೋ ತೆಗೆದುಕೊಟ್ಟುಬಿಟ್ಟಳು, ಪಾಪ, ಅವಳಿಗೇನು ಗೊತ್ತು. ಹೆಂಡತಿಗೆ ಹೀಗೆ ಹೇಳಿದೆ, ಸ್ನೇಹಿತರಿಗೆ ಹೇಳಿದೆ. ಹೇಳಿ ಹೇಳಿ ಅದು ಎಲ್ಲೂ ತಡವರಿಸದ ಮಾತಾಯಿತು. ಬ್ಯಾರನ್ನಿನ ಕಾವು ಮುಖಕ್ಕೆ ಬಡಿದದ್ದೂ ನನಗೆ ನೆನಪಿದೆ.

ಆದರೆ ಅವ್ವನಿಗೆ ಓದಲು ಬರುವುದಿಲ್ಲ. ಸೂಟ್‌ಕೇಸಿನ ಹದಿನೈದು ಇಪ್ಪತ್ತು ಪುಸ್ತಕಗಳಲ್ಲಿ ಯಾವುದರೊಳಗೆ ಫೋಟೋ ಇದೆಯೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದದ್ದು ನನಗೆ. ಸುಮ ನನಗೆ ತೋರಿಸಿದ್ದಳು. ಬ್ಯಾರನ್ನಿಗೆ ನಾನು ಹೋದದ್ದು ಅವರ ಕಾರು ಹೊರಟ ಮೇಲೆ.

ಗೋಡೆಯ ಮೇಲೆ ಅವಳ ಪದವಿಯ ಫೋಟೋ ಇತ್ತು, ಕರಿ ಗೌನಿನಲ್ಲಿ, ಹತ್ತು ವರ್ಷ ಹಳೆಯದು. ಅದು ಬೇಡ ಎನ್ನಿಸಿತು. ಪುಸ್ತಕದೊಳಗಿನದರಲ್ಲಿ ಅವಳು ಒಂದು ಅಂಗಳದಲ್ಲಿ ಕೂತು ಬಾಯಿತುಂಬ ನಗುತ್ತಿದ್ದಳು. ಪಕ್ಕದಲ್ಲಿ ಉಣ್ಣೆ ಟೋಪಿಯ ಮುದುಕರು, ಅವರ ಹೆಂಡತಿ. ಊರಿಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಹುಡುಗನ ಕಡೆಯವರು ಆ ಮುಖ ನೋಡಲಿ ಎಂದುಕೊಂಡೆ. ನಾನೇ ತಂದುಕೊಟ್ಟೆ. ಪಕ್ಕದಲ್ಲಿರುವ ಇವರು ಯಾರು ಸಾ ಎಂದು ಸಣ್ಣಗಿದ್ದವನು ಕೇಳಿದ. ಅವನು ಬಾಯಿಬಿಟ್ಟದ್ದು ಅದೊಂದೇ ಸಲ. ನಾನು ಹೇಳಿದೆ. ನನ್ನ ತಂಗಿಯನ್ನು ಅಲ್ಲಿ ಮನೆಮಗಳಂತೆ ಇಟ್ಟುಕೊಂಡಿದ್ದರು, ಇವರ ಮಗನ ಕೇಸನ್ನೇ ಅವಳು ನಡೆಸಿದ್ದು, ಇವರೇ ನೋಡಿದವರು ಎಂದೆ. ಹೆಮ್ಮೆಯಿಂದಲೇ ಹೇಳಿದೆ.

ಹೆಮ್ಮೆ ಒಂದೇ ಆಗಿದ್ದರೆ ಇದನ್ನು ಬರೆಯುವುದು ಸುಲಭವಿತ್ತು. ಅವಳು ಮದುವೆಯಾಗಿ ಚನ್ನರಾಯಪಟ್ಟಣದಲ್ಲೋ ಹಾಸನದಲ್ಲೋ ಉಳಿಯಬೇಕು, ಷರತ್ತು ಮುಗಿದ ಮೇಲೂ ಆ ನಾಡಿಗೆ ಹೋಗಬಾರದು ಎಂಬ ಆಸೆ ನನಗಿತ್ತು. ಯಾರೋ ಬಂದು ಅವಳನ್ನು ನಮಗಾಗಿ ಹಿಡಿದಿಟ್ಟುಕೊಳ್ಳಲಿ ಎಂದು ಕಾಯುತ್ತಿದ್ದೆ. ಬಂದರು.

ಸುಮ ಸಂಜೆ ಬಂದಾಗ ನಾವು ಏನೂ ಹೇಳಲಿಲ್ಲ. ಗಂಡಿನ ಕಡೆಯಿಂದ ಮಾತು ಬರುವ ತನಕ ಹುಡುಗಿಯ ಕಿವಿಗೆ ಹಾಕಬಾರದು, ಕೂಡಿಬರದಿದ್ದರೆ ಮನಸ್ಸಿಗೆ ಹತ್ತುತ್ತದೆ ಎಂದಳು ಅವ್ವ. ನನಗೂ ಸರಿಯೆನಿಸಿತು. ಊರೂ ಬಾಯಿ ಮುಚ್ಚಿಕೊಂಡಿತು. ಅವತ್ತೇ ಹೇಳಿದ್ದರೆ ಅವಳು ಒಂದು ಫೋನು ಮಾಡುತ್ತಿದ್ದಳು, ಆ ಮುದುಕರು ಬೇರೆಡೆ ಹೋಗುತ್ತಿದ್ದರು. ಮೂರು ವಾರ ಸಮಯವಿತ್ತು.

ಮೂರು ವಾರದ ಮೇಲೆ ಫೋನು ಬಂತು. ನಾವು ಎಲೆ ಕಟ್ಟುತ್ತಿದ್ದೆವು. ಅವಳು ಅಲ್ಲಿಯ ಭಾಷೆಯಲ್ಲಿ ಮಾತಾಡಿದಳು, ಮಾತಿಗಿಂತ ಹೆಚ್ಚು ಕೇಳಿದಳು. ಫೋನನ್ನು ಎಲೆಯ ರಾಶಿಯ ಮೇಲಿಟ್ಟು ಆಮೇಲೆ ಕನ್ನಡದಲ್ಲಿ ಹೇಳಿದಳು. ದೊಡ್ಡಪ್ಪನನ್ನು ಕರೆದುಕೊಂಡು ಹೋಗಿದ್ದರು. ನಾಲ್ಕು ದಿನಕ್ಕೆ ಬಿಟ್ಟರು. ಎದುರಿಗೆ ಒಂದು ಫೋಟೋ ಇಟ್ಟಿದ್ದರಂತೆ, ಅವಳು ನಗುತ್ತಿದ್ದ ಫೋಟೋ. ವಾಪಸು ಬಂದ ದೊಡ್ಡಪ್ಪ ತಾನು ಏನನ್ನೂ ನೋಡಿಲ್ಲ ಎಂದು ಬರೆದುಕೊಟ್ಟು, ಮನೆಗೆ ಬೀಗ ಹಾಕಿ, ಗಂಡಹೆಂಡಿರು ಎಲ್ಲಿಗೋ ಹೋಗಿದ್ದರು.

"ನನ್ನ ಪುಸ್ತಕದಲ್ಲಿದ್ದ ಫೋಟೋ ಯಾರು ತಗೊಂಡ್ರಿ?"

ಕಾಫಿ ಲೋಟ ಹಿಡಿದು ಬಂದಿದ್ದ ಅವ್ವ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. "ನಾನೇ ಕಣವ್ವ. ಎಣ್ಣು ಕೇಳ್ಕಂಡು ಬಂದಿದ್ರು. ಕೊಟ್ಬುಟ್ಟೆ."

ನಾನು ದಾರ ಬಿಗಿಯುತ್ತಿದ್ದೆ. ಬಾಯಿ ತೆರೆಯಲು ಬೇಕಾದಷ್ಟು ಹೊತ್ತು ಇತ್ತು. ತೆರೆಯಲಿಲ್ಲ.

ಸುಮ ಅಳಲಿಲ್ಲ, ಕೂಗಾಡಲಿಲ್ಲ. ನೀನೇನು ಮಾಡ್ತೀಯವ್ವ, ನಿಂಗೇನು ಗೊತ್ತು ಎಂದು ಮತ್ತೆ ಎಲೆ ಕೊಡತೊಡಗಿದಳು. ಒಮ್ಮೆ ಎರಡು ಕೊಟ್ಟಳು, ಒಮ್ಮೆ ನಾಲ್ಕು. ನಾನು ಎಣಿಸದೆ ಕಟ್ಟಿದೆ.

ಷರತ್ತು ಮರುವರ್ಷ ಸಡಿಲವಾಯಿತು. ಅವಳು ಹೊರಟುಹೋದಳು. ಆ ನಾಡಿಗೆ ಬಿಡಲಿಲ್ಲ, ಅದರ ಅಂಚಿನ ಒಂದು ಪಟ್ಟಣದಲ್ಲಿ ಕೂತು ಇವತ್ತಿಗೂ ಅದೇ ಅರ್ಜಿಗಳನ್ನು ಬರೆಯುತ್ತಾಳೆ. ಅವಳ ಮೇಲಿನ ಕೇಸು ಇನ್ನೂ ಇದೆ. ದೊಡ್ಡಪ್ಪನ ಮಗನ ಕೇಸು ಮುಗಿಯಿತು, ಮಗ ಬರಲಿಲ್ಲ. ಅವಳು ಮದುವೆಯಾಗಲಿಲ್ಲ. ಯಾರ ಜೊತೆಗೂ ಫೋಟೋಗೆ ನಿಲ್ಲುವುದಿಲ್ಲ. ನನ್ನ ಮಗಳ ಮದುವೆಗೆ ಬಂದವಳು ಒಂದರಲ್ಲೂ ಇಲ್ಲ. ಪ್ರತಿ ಭಾನುವಾರ ನನ್ನ ಫೋನಿಗೆ ಕರೆ ಮಾಡುತ್ತಾಳೆ. ಮೊದಲು ಅವ್ವನ ಜೊತೆ ಎರಡು ನಿಮಿಷ: ಉಂಡ್ಯಾ, ಮಾತ್ರೆ ನುಂಗಿದ್ಯಾ, ಮಂಡಿ ಎಂಗದೆ. ಎಲ್ಲಿದ್ದೀಯ, ಜೊತೆಗೆ ಯಾರಿದ್ದಾರೆ ಎಂದು ಅವ್ವ ಕೇಳಿದರೆ, ಇದೀನಿ ಬುಡವ್ವ ಎನ್ನುತ್ತಿದ್ದಳು. ಆಮೇಲೆ ಫೋನು ನನ್ನ ಕೈಗೆ. ನನಗೆ ಎಲ್ಲ ಹೇಳುತ್ತಿದ್ದಳು. ಹೆಸರು, ಊರು, ಭಯ, ಎಲ್ಲ. ಮನೆಯಲ್ಲಿ ನಂಬಬಹುದಾದವನು ನಾನೊಬ್ಬ ಎಂದು.

ಈ ಆಗಸ್ಟಿನಲ್ಲಿ ಗೌರಕ್ಕನ ಮಾತು ಕೇಳಿಕೊಂಡು ಹಾಸನಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಅವ್ವನನ್ನು ಕೇಳಿದೆ, ಅವತ್ತು ಯಾಕೆ ಹಾಗಂದೆ ಎಂದು. ಅವಳು ಯಾವತ್ತು ಎಂದು ಕೇಳಲಿಲ್ಲ.

"ಅವ್ಳಿಗೆ ನಂಬಕ್ಕೆ ಒಬ್ರಾದ್ರೂ ಬ್ಯಾಡ್ವಾ ಮಗ? ನಾನು ಎತ್ತೋಳು, ನನ್ನ ಎಂಗೂ ಬುಡಕ್ಕಾಗಲ್ಲ. ನೀನಾಗಿದ್ರೆ ಬುಟ್ಬುಡೋಳು."

ಅರಕಲಗೂಡು ಬಂತು, ಜನ ಹತ್ತಿದರು, ಇಳಿದರು. ಅವ್ವ ಕಿಟಕಿಗೆ ತಲೆಯೊರಗಿಸಿ ನಿದ್ದೆಹೋದಳು. ಏಳು ವರ್ಷ, ವಾರಕ್ಕೆ ಎರಡು ನಿಮಿಷ. ಅಷ್ಟರಲ್ಲೇ ಇದ್ದುಬಿಟ್ಟಿದ್ದಳು.

ಆ ಭಾನುವಾರ ಸುಮನ ಕರೆ ಬಂದಾಗ ಫೋನನ್ನು ಅವ್ವನಿಗೆ ಕೊಡುವ ಮೊದಲು ಹೇಳಿದೆ. ಫೋಟೋ ಕೊಟ್ಟದ್ದು ನಾನು, ಅವ್ವ ಅಲ್ಲ. ಸುಮ ವಕೀಲೆಯಂತೆ ಕೇಳಿದಳು, ಯಾವ ಪುಸ್ತಕದಲ್ಲಿತ್ತು? ಸಾಕ್ಷ್ಯ ಕಾಯಿದೆಯ ಪುಸ್ತಕದಲ್ಲಿ ಎಂದೆ. ಹಸಿರು ರಟ್ಟು ಎಂದೂ ಸೇರಿಸಿದೆ.

"ದೊಡ್ಡಪ್ಪ ಯಾರು ಅಂತ ಹೇಳಿದ್ದೂ ನೀನೇನಾ?"

"ಹೂಂ."

ಯಾಕೆ ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ. ಉತ್ತರವನ್ನೂ ಜೋಡಿಸಿಟ್ಟುಕೊಂಡಿದ್ದೆ. ಅವಳು ಕೇಳಲಿಲ್ಲ.

"ಅವ್ವನಿಗೆ ಫೋನ್ ಕೊಡು," ಎಂದಳು.

ಕೊಟ್ಟು ಹೊರಗೆ ಹೋಗಿ ನಿಂತೆ. ಅವ್ವನ ದನಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಮ್ಮೆ ಜೋರಾಗಿ ನಕ್ಕಳು. ನಲವತ್ತು ನಿಮಿಷದ ಮೇಲೆ ಫೋನು ತಂದುಕೊಟ್ಟು, "ನಿನ್ ಕುಟೆ ಆಮೇಕ್ ಮಾತಾಡ್ತಾಳಂತೆ," ಎಂದಳು.

ಅದಾಗಿ ಆರು ಭಾನುವಾರ ಕಳೆದಿವೆ. ಕರೆ ನನ್ನ ಫೋನಿಗೇ ಬರುತ್ತದೆ. ಅವ್ವ ಇದ್ದಾಳಾ ಎಂದು ಕೇಳುತ್ತಾಳೆ. ಇದ್ದಾಳೆ ಎಂದು ಕೊಡುತ್ತೇನೆ.